ಎಷ್ಟು ಆಳದ ಟನ್ನು?

ಶಾಖೋತ್ಪನ್ನ ವಿದ್ಯುತ್ ಕೇಂದ್ರವೊಂದರಲ್ಲಿ ದುಡಿದು ನಿವೃತ್ತರಾದ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಕೇಂದ್ರ ಸರ್ಕಾರದ ಕಲ್ಲಿದ್ದಲು ಕಂಪನಿ ಕೋಲ್ ಇಂಡಿಯಾದ ಖರ್ಚಿನಲ್ಲಿ ಹೆಚ್ಚುಕಡಿಮೆ ಅರ್ಧ ಸಂಬಳ-ಸವಲತ್ತಿಗೇ ಹೋಗುತ್ತದೆ, ಹೀಗಾಗಿ ಟನ್ನಿನ ಸರಾಸರಿ ಖರ್ಚು ಏರಿದೆ, ಜಾರ್ಖಂಡ್‌ನ ಧನಬಾದ್ ಸುತ್ತ ಕಲ್ಲಿದ್ದಲಿನ ಕಳ್ಳಸಾಗಣೆ ನಡೆಯುತ್ತದೆ, ಬರುವ ಕಲ್ಲಿದ್ದಲಿನಲ್ಲಿ ಕಲ್ಲೇ ಜಾಸ್ತಿ, ನಷ್ಟದ ಗಣಿಗಳನ್ನು ಮುಚ್ಚಿ ಮಿಕ್ಕವನ್ನು ಖಾಸಗಿಯವರಿಗೆ ಕೊಟ್ಟರೆ ಕರೆಂಟು ಅಗ್ಗವಾಗುತ್ತದೆ ಎಂಬುದು ಅವರ ವಾದ. ಅಂಕಿಅಂಶಗಳನ್ನು ಶ್ರದ್ಧೆಯಿಂದ ಕಲೆಹಾಕಿದ್ದಾರೆ. ಇಂಥ ಪತ್ರಕ್ಕೆ ಎರಡು ಸಾಲಿನ ಉತ್ತರ ಕೊಟ್ಟರೆ ಅವಮಾನ ಮಾಡಿದಂತೆ.

ಸ್ವಾಮಿ, ಸಂಬಳದ ಲೆಕ್ಕ ಸರಿ. ಧನಬಾದ್ ಸುತ್ತಮುತ್ತಲ ಕಳ್ಳಸಾಗಣೆಯೂ ಸುಳ್ಳಲ್ಲ. ವ್ಯಾಗನ್ನಿನಲ್ಲಿ ಬಂಡೆ ತುಂಬಿ ಕಳಿಸಿದರೆ ಅದು ತಪ್ಪೇ. ಆದರೆ ನಮ್ಮ ಕಲ್ಲಿದ್ದಲಿನಲ್ಲಿ ಶೇ 30ರಿಂದ 45ರವರೆಗೆ ಬೂದಿ ಇರುವುದು ಸರ್ಕಾರದ ಸೋಮಾರಿತನದಿಂದಲ್ಲ, ಅದು ನಮ್ಮ ನೆಲದ ಪುರಾತನ ಗೊಂಡ್ವಾನ ಶಿಲಾಪದರಗಳ ಹುಟ್ಟುಗುಣ. ಮಾಲೀಕ ಬದಲಾದರೆ ಬೂದಿ ಕರಗುವುದಿಲ್ಲ.

ನೀವು ಎಡವಿರುವುದು ಸರಾಸರಿಯಲ್ಲಿ. ಟನ್ನಿಗೆ ಎಷ್ಟು ಖರ್ಚು ಎಂದು ಕೇಳುವ ಮೊದಲು ಎಷ್ಟು ಆಳದ ಟನ್ನು ಎಂದು ಕೇಳಬೇಕು. ಛತ್ತೀಸಗಢದ ಗೇವರಾದಂಥ ತೆರೆದ ಗಣಿಯಲ್ಲಿ ಮೇಲಿನ ಮಣ್ಣು-ಬಂಡೆ ಸರಿಸಿ, ಯಂತ್ರ ಹಚ್ಚಿ, ದಪ್ಪ ಪದರವನ್ನೇ ಎತ್ತಬಹುದು. ಕೋಲ್ ಇಂಡಿಯಾದ ಅಂಗಸಂಸ್ಥೆಯಾದ ಒಡಿಶಾದ ಮಹಾನದಿ ಕೋಲ್‌ಫೀಲ್ಡ್ಸ್‌ನಲ್ಲಿ ಸರಿಸಬೇಕಾದ ಮಣ್ಣೂ ಕಡಿಮೆ. ಪಶ್ಚಿಮ ಬಂಗಾಳದ ರಾಣಿಗಂಜ್‌ನ ಹಳೆಯ ಸುರಂಗ ಗಣಿಯಲ್ಲಿ ಕಥೆಯೇ ಬೇರೆ: ಹಗಲೂ ರಾತ್ರಿ ನೀರೆತ್ತಬೇಕು, ಗಾಳಿ ಹಾಯಿಸಬೇಕು, ಚಾವಣಿಗೆ ಆಸರೆ ಕೊಡಬೇಕು. ಒಂದು ಟನ್ನೂ ಮೇಲೆ ಬರದ ದಿನವೂ ಈ ಖರ್ಚು ನಿಲ್ಲುವುದಿಲ್ಲ. ಕೋಲ್ ಇಂಡಿಯಾದ ಉತ್ಪಾದನೆಯಲ್ಲಿ ಸುರಂಗದ ಪಾಲು ಶೇ 4 ಕೂಡ ಇಲ್ಲ. ಆದರೆ ಕಾಯಂ ಕಾರ್ಮಿಕರ ದೊಡ್ಡ ಪಾಲು ಅಲ್ಲಿಯೇ ಇದೆ. ಎರಡನ್ನೂ ಕೂಡಿಸಿ ಭಾಗಿಸಿದರೆ ಸಿಗುವ ಅಂಕಿ ಯಾವ ಗಣಿಯದೂ ಅಲ್ಲ.

ಆ ಸುರಂಗಗಳು ಸರ್ಕಾರಕ್ಕೆ ಬಂದದ್ದು ಹೇಗೆ? ಖಾಸಗಿಯವರು ದಶಕಗಳ ಕಾಲ ಸುಲಭದ ಪದರಗಳನ್ನು ಕೆರೆದುಕೊಂಡರು, ಖಾಲಿಯಾದ ಜಾಗಕ್ಕೆ ಮರಳು ತುಂಬುವ ಖರ್ಚನ್ನು ಉಳಿಸಿಕೊಂಡರು, ಕೂಲಿಯನ್ನೂ ನೆಟ್ಟಗೆ ಕೊಡಲಿಲ್ಲ. ಧನಬಾದ್ ಬಳಿಯ ಝರಿಯಾದಲ್ಲಿ ನೆಲದೊಳಗೆ ಬೆಂಕಿ ಕಾಣಿಸಿಕೊಂಡದ್ದು 1916ರಲ್ಲಿ. ಉಕ್ಕು ತಯಾರಿಕೆಗೆ ಬಳಸುವ ಕೋಕಿಂಗ್ ಕಲ್ಲಿದ್ದಲಿನ ಗಣಿಗಳ ರಾಷ್ಟ್ರೀಕರಣವಾದದ್ದು 1972ರಲ್ಲಿ, ಉಳಿದವುಗಳದ್ದು 1973ರಲ್ಲಿ. ಮೋಹನ್ ಕುಮಾರಮಂಗಲಂ ಕೇಂದ್ರದ ಉಕ್ಕು-ಗಣಿ ಮಂತ್ರಿಯಾಗಿದ್ದಾಗ ದೇಶ ಕೊಂಡದ್ದು ಗಣಿಗಳನ್ನಷ್ಟೇ ಅಲ್ಲ, ಆ ಬೆಂಕಿಯನ್ನೂ, ಕುಸಿಯುವ ನೆಲವನ್ನೂ, ಅದರ ಮೇಲೆ ಮನೆ ಮಾಡಿಕೊಂಡಿದ್ದ ಲಕ್ಷಾಂತರ ಜನರನ್ನೂ. ಕೋಲ್ ಇಂಡಿಯಾದ ಅಂಗಸಂಸ್ಥೆಗಳಾದ ಭಾರತ್ ಕೋಕಿಂಗ್ ಕೋಲ್, ಈಸ್ಟರ್ನ್ ಕೋಲ್‌ಫೀಲ್ಡ್ಸ್ ಎರಡೂ ಒಂದು ಕಾಲಕ್ಕೆ ರೋಗಗ್ರಸ್ತ ಉದ್ಯಮಗಳ ಮಂಡಳಿಯ ಮೆಟ್ಟಿಲು ಹತ್ತಿದ್ದಕ್ಕೆ ನೀವು ಕಾರ್ಮಿಕರ ಸಂಖ್ಯೆಯನ್ನು ದೂರುತ್ತೀರಿ. ಅರ್ಧ ಕಾರಣ 1972ಕ್ಕೂ ಹಿಂದಿನದು.

ಸರ್ಕಾರಿ ಆಡಳಿತದಲ್ಲಿ ಎಲ್ಲವೂ ಸುರಕ್ಷಿತವಾಯಿತು ಎಂದು ನಾನು ಹೇಳುವುದಿಲ್ಲ. 1975ರ ಡಿಸೆಂಬರ್ 27ರಂದು ಧನಬಾದ್ ಬಳಿಯ ಚಾಸನಾಲಾದಲ್ಲಿ ನೀರು ನುಗ್ಗಿ ಮುನ್ನೂರಕ್ಕೂ ಹೆಚ್ಚು ಮಂದಿ ಸತ್ತದ್ದು ಸರ್ಕಾರದ ಹಿಡಿತದಲ್ಲಿದ್ದ ಗಣಿಯಲ್ಲೇ. ಆದರೆ ನೀವು ಕೊಟ್ಟ ಅಂಕಿಯ ಪಕ್ಕದಲ್ಲಿ ಇದನ್ನೂ ಇಡಿ: ಕೋಲ್ ಇಂಡಿಯಾ ಹುಟ್ಟಿದ 1975ರಲ್ಲಿ ವರ್ಷಕ್ಕೆ ಸುಮಾರು 7.9 ಕೋಟಿ ಟನ್ ತೆಗೆಯುತ್ತಿತ್ತು. 2024-25ರಲ್ಲಿ 78 ಕೋಟಿ ಟನ್ ದಾಟಿತು. ಆರು ಲಕ್ಷ ಮೀರಿದ್ದ ಕಾಯಂ ನೌಕರರು ಸುಮಾರು ಎರಡೂಕಾಲು ಲಕ್ಷಕ್ಕೆ ಇಳಿದಿದ್ದಾರೆ. ಮಣ್ಣು ಸರಿಸುವ ಕೆಲಸ ಬಹುಪಾಲು ಗುತ್ತಿಗೆದಾರರ ಕೈಗೆ ಹೋಗಿದೆ. ಅಲ್ಲಿನ ಡ್ರೈವರನ ಸಂಬಳ ಸಂಬಳದ ಬಾಬಿನಲ್ಲಿ ಕಾಣುವುದಿಲ್ಲ, ಗುತ್ತಿಗೆಯ ಬಾಬಿನಲ್ಲಿ ಕಾಣುತ್ತದೆ. ಕಾಯಂ ನೌಕರನಿಗೆ ಸಿಗುವುದರ ಎಷ್ಟನೇ ಪಾಲು ಅವನ ಕೈಗೆ ಬರುತ್ತದೆ ಎಂದು ಯಾರೂ ಪತ್ರ ಬರೆಯುವುದಿಲ್ಲ. ಇದು ನನ್ನ ಹಳೆಯ ಸಂಕಟ.

ನಮ್ಮ ಕೋಲಾರದ ಚಿನ್ನದ ಗಣಿಯನ್ನೂ ಇದೇ ಟನ್ನಿನ ಲೆಕ್ಕ ತೋರಿಸಿ 2001ರ ಫೆಬ್ರವರಿಯಲ್ಲಿ ಮುಚ್ಚಿದರು. ನಷ್ಟ ನಿಜವಾಗಿತ್ತು. ಒಂದು ಊರೇ ಕೆಲಸ ಕಳೆದುಕೊಳ್ಳುವುದರ ಬೆಲೆ ಯಾವ ಕಾಲಮ್ಮಿನಲ್ಲೂ ಇರಲಿಲ್ಲ. ಸಯನೈಡ್ ಬೆರೆತ ಮಣ್ಣಿನ ದಿಬ್ಬಗಳು ಇವತ್ತಿಗೂ ಅಲ್ಲೇ ಇವೆ.

ಇನ್ನು ಲಾಭದ ಮಾತು. 2023-24ರಲ್ಲಿ ಕೋಲ್ ಇಂಡಿಯಾದ ನಿವ್ವಳ ಲಾಭ 37 ಸಾವಿರ ಕೋಟಿ ರೂಪಾಯಿ ಮೀರಿತು. ನಷ್ಟದ ಸಂಸ್ಥೆ ಎಂಬ ಮಾತು ಇನ್ನಾದರೂ ನಿಲ್ಲಲಿ. ಲಾಭ ಎಲ್ಲಿಗೆ ಹೋಗುತ್ತದೆ ಎಂಬುದೇ ನಾವು ಜಗಳವಾಡಬೇಕಾದ ಪ್ರಶ್ನೆ. 2014ರ ಜನವರಿಯಲ್ಲಿ ಷೇರಿಗೆ 29 ರೂಪಾಯಿ ಲಾಭಾಂಶ ಘೋಷಿಸಿ, ಕೂಡಿಟ್ಟಿದ್ದ ಹಣದಿಂದ 16 ಸಾವಿರ ಕೋಟಿಗೂ ಹೆಚ್ಚನ್ನು ಕೇಂದ್ರದ ಬೊಕ್ಕಸಕ್ಕೆ ಎತ್ತಿಕೊಟ್ಟರು. ಕಲ್ಲು-ಬೂದಿ ಬೇರ್ಪಡಿಸಲು ಕಲ್ಲಿದ್ದಲು ತೊಳೆಯುವ ಘಟಕಗಳಿಗೆ, ರೈಲು ಹಳಿಗೆ, ಝರಿಯಾದ ಜನರ ಪುನರ್ವಸತಿಗೆ ಬೇಕಿದ್ದ ಹಣ ವಿತ್ತೀಯ ಕೊರತೆ ಮುಚ್ಚಲು ಹೋಯಿತು. ನಿಮ್ಮ ಬಾಯ್ಲರಿಗೆ ಬಂದ ಬಂಡೆಗೂ ಇದಕ್ಕೂ ನಂಟಿದೆ.

ಇನ್ನೊಂದು ಕಡೆಯಿಂದ, ರಾಜ್ಯಗಳ ವಿದ್ಯುತ್ ಕಂಪನಿಗಳು ಕಲ್ಲಿದ್ದಲು ಸುಟ್ಟ ಮೇಲೂ ತಿಂಗಳುಗಟ್ಟಲೆ ಹಣ ಬಾಕಿ ಇಡುತ್ತವೆ. ಚುನಾವಣೆ ಹತ್ತಿರವಾದಷ್ಟೂ ದರ ಏರಿಸುವ ಧೈರ್ಯ ಯಾವ ಪಕ್ಷಕ್ಕೂ ಇರುವುದಿಲ್ಲ. ಆ ಹೊರೆ ಎಸ್ಕಾಂಗಳಿಂದ ಉತ್ಪಾದನಾ ಕಂಪನಿಗೆ, ಅಲ್ಲಿಂದ ಗಣಿಗೆ ಜಾರುತ್ತದೆ. ಕೊನೆಗೆ ದಕ್ಷತೆಯಿಲ್ಲ ಎಂದು ಬೈಸಿಕೊಳ್ಳುವುದು ಗಣಿ.

ನೀವು ಲೆಕ್ಕ ಬಲ್ಲವರು, ಒಳಗಿದ್ದು ನೋಡಿದವರು. ನಿಮ್ಮ ಸೇವಾವಧಿಯಲ್ಲಿ ಗಣಿ ಕಂಪನಿಗೆ ಎಷ್ಟು ಬಾಕಿ ಉಳಿದಿತ್ತು, ಎಷ್ಟು ತಿಂಗಳಿಗೆ ಪಾವತಿಯಾಗುತ್ತಿತ್ತು ಎಂಬುದನ್ನೂ ಇಷ್ಟೇ ಶ್ರದ್ಧೆಯಿಂದ ಬರೆದು ಕಳಿಸಿ. ಒಂದು ಪದವನ್ನೂ ಕತ್ತರಿಸದೆ ಪ್ರಕಟಿಸುತ್ತೇನೆ.

— ಸಂ.