ಐದು ಸಾವಿರ ಕರಪತ್ರ, ಎತ್ತದ ಫೋನ್

ಹಾವೇರಿ ಜಿಲ್ಲೆಯ ತಾಲೂಕು ಕೇಂದ್ರವೊಂದರ ಕ್ರೈಸ್ತ ಸಭೆಯಿಂದ (ಚರ್ಚಿನಿಂದ) ಯುವಜನ ಸಂಘದ ಕಾರ್ಯದರ್ಶಿ ಬರೆದ ಪತ್ರದ ಸಾರ ಹೀಗಿದೆ: ‘ಕಳೆದ ವರ್ಷ ಜಾತ್ರೆಯಲ್ಲಿ ಐದು ಸಾವಿರ ಕರಪತ್ರ ಹಂಚಿದೆವು. ಒಬ್ಬರೂ ಸಭೆಗೆ ಬರಲಿಲ್ಲ. ಕೆಲವು ದಿನ ಸಭಾಪಾಲಕರ (ಪಾಸ್ಟರರ) ಫೋನಿಗೆ ಗುರುತಿಲ್ಲದ ನಂಬರುಗಳಿಂದ ಕರೆ ಬಂದವು, ಅವರು ಓಡಾಟದಲ್ಲಿದ್ದುದರಿಂದ ಎತ್ತಲಾಗಲಿಲ್ಲ. ಯೂಟ್ಯೂಬ್ ಚಾನೆಲ್ ತೆರೆದೆವು, ನೋಡುವವರೆಲ್ಲ ನಮ್ಮ ವಿಶ್ವಾಸಿಗಳೇ. ಕಾನೂನಿನ ಭಯದಿಂದ ಹಿರಿಯರು ಎಲ್ಲವನ್ನೂ ನಿಲ್ಲಿಸಿ ಅನ್ನುತ್ತಾರೆ. ಈ ವರ್ಷ ಸಂಘದ ಕೈಯಲ್ಲಿ 40,000 ರೂಪಾಯಿ ಇದೆ. ರೋಗಿಗಳ ವಾಸಿಗಾಗಿ ಪ್ರಾರ್ಥಿಸುವ ದೊಡ್ಡ ಸ್ವಸ್ಥತಾ ಕೂಟ ಮಾಡೋಣ ಎಂದು ಕೆಲವರು, ಒಳ್ಳೆಯ ಕ್ಯಾಮೆರಾ ಕೊಳ್ಳೋಣ ಎಂದು ಕೆಲವರು. ಈ ಕಾಲದಲ್ಲಿ ಸುವಾರ್ತೆ (ಯೇಸುವಿನ ಸಂದೇಶ) ಸಾರಲು ಸಾಧ್ಯವೇ? ಸಾಧ್ಯವಿದ್ದರೆ ಹೇಗೆ?’

ಪ್ರಿಯ ಸಹೋದರರೇ,

ನೀವು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋದ ಸಂಗತಿಯೇ ನಮಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡಿತು. ಫೋನ್ ಬಂತು, ಯಾರೂ ಎತ್ತಲಿಲ್ಲ. ಜಾತ್ರೆಯ ಗದ್ದಲದಲ್ಲಿ ಕೈಗೆ ಬಂದ ಕಾಗದವನ್ನು ಎಸೆಯದೆ ಮನೆಗೆ ಒಯ್ದು, ಓದಿ, ಗುರುತಿಲ್ಲದವರಿಗೆ ತಮ್ಮ ನಂಬರಿನಿಂದ ಕರೆ ಮಾಡುವುದು ಸಣ್ಣ ಧೈರ್ಯವಲ್ಲ. ಹಾಗೆ ಕರೆ ಮಾಡಿದವರು ಹತ್ತು ಮಂದಿಯೇ ಇರಲಿ, ನಿಮ್ಮ ಕರಪತ್ರ ಸೋತಿಲ್ಲ. ಅದರ ಮುಂದಿನ ಹೆಜ್ಜೆಗೆ ಸಭೆ ಸಿದ್ಧವಾಗಿರಲಿಲ್ಲ, ಅಷ್ಟೇ. ಆ ನಂಬರುಗಳು ಇನ್ನೂ ಸಿಗುವಂತಿದ್ದರೆ ಈ ವಾರವೇ ಕರೆ ಮಾಡಿ, ತಡವಾದದ್ದಕ್ಕೆ ಕ್ಷಮೆ ಕೇಳಿ.

ಇಂದು ಸುವಾರ್ತೆಯ ಕೊರತೆ ಇರುವುದು ಸಾರುವುದರಲ್ಲಿ ಅಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ. ಸಂದೇಶಗಳು ಪ್ರತಿ ಮೊಬೈಲಿನಲ್ಲೂ ತುಂಬಿವೆ. ಕೇಳಿದವರು ತಿರುಗಿ ಒಂದು ಪ್ರಶ್ನೆ ಕೇಳಿದರೆ ಕುಳಿತು ಉತ್ತರಿಸುವವರಿಲ್ಲ. ಆದ್ದರಿಂದ ಮೊದಲು ಉತ್ತರಿಸುವವರನ್ನು ಸಿದ್ಧಮಾಡಿ, ಆಮೇಲೆ ಕರಪತ್ರ ಅಚ್ಚು ಹಾಕಿಸಿ.

ಮಾಡುವುದು ಹೀಗೆ. ಸುವಾರ್ತೆಗೆಂದೇ ಬೇರೆ ಸಿಮ್, ಒಂದು ಸಾದಾ ಕೀಪ್ಯಾಡ್ ಫೋನ್ ತೆಗೆದುಕೊಳ್ಳಿ. ನಾಲ್ಕು ಜನ ಆರಿಸಿ, ಅವರಲ್ಲಿ ಇಬ್ಬರು ಹೆಂಗಸರಿರಲೇಬೇಕು. ಸಂಜೆ ಆರರಿಂದ ಒಂಬತ್ತರವರೆಗೆ ಪಾಳಿಯಂತೆ ಫೋನ್ ಇಟ್ಟುಕೊಳ್ಳಲಿ. ಆ ಸಮಯವನ್ನು ಕರಪತ್ರದ ಮೇಲೆ ನಂಬರಿನ ಪಕ್ಕದಲ್ಲೇ ಹಾಕಿಸಿ, ಸಭೆಯ ಹೆಸರನ್ನೂ ಮರೆಯದೆ ಹಾಕಿಸಿ. ಹೆಸರಿಲ್ಲದ ಕಾಗದ ಸಂಶಯಕ್ಕೆ ದಾರಿ. ತಪ್ಪಿಹೋದ ಕರೆಗೆ ಇಪ್ಪತ್ನಾಲ್ಕು ಗಂಟೆಯೊಳಗೆ ತಿರುಗಿ ಕರೆ ಹೋಗಬೇಕು. ಆಗ ಮೊದಲ ಮಾತು ‘ಈಗ ಮಾತಾಡಬಹುದೇ?’ ಎಂದಿರಲಿ, ಏಕೆಂದರೆ ಎಷ್ಟೋ ಮನೆಗಳಲ್ಲಿ ಫೋನ್ ಒಂದೇ, ಕರೆ ಮಾಡಿದವರು ಸೊಸೆ, ಎತ್ತಿದವರು ಮಾವ. ಹೆಂಗಸರ ಕರೆಗೆ ಹೆಂಗಸರೇ ಉತ್ತರಿಸಲಿ. ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಕೇಳಿದ ವಿಷಯ, ಮತ್ತೆ ಮಾತಾಡುವ ದಿನ ಇಷ್ಟನ್ನೇ ಬರೆಯಿರಿ. ಜಾತಿ, ವಿಳಾಸ ಬೇಡ.

ಕರೆ ಮಾಡುವವರಲ್ಲಿ ಬಹಳ ಮಂದಿ ರಕ್ಷಣೆಯ ಬಗ್ಗೆ ಕೇಳುವುದಿಲ್ಲ. ಕುಡಿಯುವ ಗಂಡ, ತೀರದ ಸಾಲ, ಮಕ್ಕಳಾಗದ ಕೊರಗು, ಮಗನ ಮೂರ್ಛೆರೋಗ, ಇವೇ ಮೊದಲು ಬರುತ್ತವೆ. ಕೆಲಸ ಕೆಡುವುದೂ ಇಲ್ಲಿಯೇ. ಉತ್ತರಿಸುವವರು ಎರಡು ನಿಮಿಷ ಕೇಳಿ ಹದಿನೈದು ನಿಮಿಷ ಪ್ರಾರ್ಥಿಸುತ್ತಾರೆ, ಕೊನೆಗೆ ‘ಭಾನುವಾರ ಸಭೆಗೆ ಬನ್ನಿ’ ಎಂದು ಮುಗಿಸುತ್ತಾರೆ. ಊರೆಲ್ಲ ನೋಡುವ ಬಾಗಿಲಿನಿಂದ ಒಳಗೆ ಬರುವುದು ಹೊಸಬರಿಗೆ ಕೊನೆಯ ಹೆಜ್ಜೆ, ಅದನ್ನೇ ಮೊದಲು ಕೇಳಿದರೆ ಅವರು ಮತ್ತೆ ಕರೆ ಮಾಡುವುದಿಲ್ಲ. ನಾಲ್ಕು ಜನರಿಗೆ ಐನೂರು ಕರಪತ್ರದ ಪ್ರತಿಕ್ರಿಯೆ ಸಾಕಾಗುತ್ತದೆ. ಐದು ಸಾವಿರ ಬೇಡ.

ಮಾತು ಮುಂದುವರಿದು ‘ಯೇಸು ಯಾರು, ತಿಳಿಯಬೇಕು’ ಎಂದವರ ಜೊತೆ ಮಾರ್ಕನ ಸುವಾರ್ತೆಯನ್ನು ಓದಿ. ಯೇಸುವಿನ ಬದುಕನ್ನು ಹೇಳುವ ಬೈಬಲಿನ ನಾಲ್ಕು ಸುವಾರ್ತೆಗಳಲ್ಲಿ ಚಿಕ್ಕದು ಅದೇ, ಹದಿನಾರು ಅಧ್ಯಾಯ. ವಾರಕ್ಕೆ ಒಂದು ಅಧ್ಯಾಯದಂತೆ, ಅವರು ಹೇಳಿದ ಜಾಗದಲ್ಲಿ, ನಲವತ್ತು ನಿಮಿಷ ಸಾಕು. ಅವರೇ ಗಟ್ಟಿಯಾಗಿ ಓದಲಿ, ಓದು ಬಾರದಿದ್ದರೆ ನೀವು ನಿಧಾನವಾಗಿ ಓದಿ. ಓದಿದ ಮೇಲೆ ಮೂರು ಪ್ರಶ್ನೆ ಕೇಳಿ: ಇಲ್ಲಿ ಏನು ನಡೆಯಿತು? ಯೇಸು ಎಂಥವರು ಅನ್ನಿಸಿತು? ನಿಮಗೆ ಒಪ್ಪಿಗೆಯಾಗದ್ದು ಯಾವುದು? ಮೂರನೆಯದನ್ನು ಬಿಡಬೇಡಿ, ನಿಜವಾದ ಮಾತು ಅಲ್ಲಿಂದ ಶುರುವಾಗುತ್ತದೆ.

ಎರಡನೇ ಅಧ್ಯಾಯವನ್ನೇ ನೋಡಿ. ನಾಲ್ಕು ಜನ ಮಾಳಿಗೆ ಕಿತ್ತು ಪಾರ್ಶ್ವವಾಯು ರೋಗಿಯನ್ನು ಹಾಸಿಗೆ ಸಮೇತ ಇಳಿಸುತ್ತಾರೆ. ಯೇಸು ಮೊದಲು ಅವನ ಪಾಪ ಕ್ಷಮಿಸಲ್ಪಟ್ಟಿತು ಅನ್ನುತ್ತಾರೆ. ಕೂಡಲೇ ನಿಮ್ಮ ಓದುಗರು ಕೇಳುತ್ತಾರೆ, ‘ಹಾಗಾದರೆ ರೋಗ ಬರುವುದು ಪಾಪದಿಂದಲೋ? ನನ್ನ ಮಗುವಿನ ಕಾಯಿಲೆ ನನ್ನ ಕರ್ಮವೋ?’ ಯೋಹಾನನ ಸುವಾರ್ತೆಯ 9ನೇ ಅಧ್ಯಾಯದಲ್ಲಿ ಹುಟ್ಟುಕುರುಡನ ಬಗ್ಗೆ ಶಿಷ್ಯರು ಇದನ್ನೇ ಕೇಳಿದಾಗ, ಅವನೂ ಪಾಪ ಮಾಡಲಿಲ್ಲ, ಅವನ ತಂದೆತಾಯಿಯೂ ಮಾಡಲಿಲ್ಲ ಎಂದು ಯೇಸು ಉತ್ತರಿಸಿದ್ದು ನಿಮಗೆ ನಾಲಿಗೆ ತುದಿಯಲ್ಲಿರಬೇಕು. ಐದನೇ ಅಧ್ಯಾಯಕ್ಕೆ ಬಂದಾಗ ಕುರಿ ಸಾಕುವ ಮನೆಯವರು, ಯೇಸು ಬಿಡಿಸಿದ ದೆವ್ವಗಳು ಹೊಕ್ಕು ನೀರಿಗೆ ಬಿದ್ದು ಸತ್ತ ಎರಡು ಸಾವಿರ ಹಂದಿಗಳ ನಷ್ಟ ಯಾರು ಕಟ್ಟಿಕೊಟ್ಟರು ಎಂದು ಕೇಳುತ್ತಾರೆ. ಏಳನೇ ಅಧ್ಯಾಯದಲ್ಲಿ ಮಗಳಿಗಾಗಿ ಬೇಡಿಬಂದ ಅನ್ಯಜಾತಿಯ ತಾಯಿಗೆ ಯೇಸು, ಮಕ್ಕಳ ರೊಟ್ಟಿಯನ್ನು ನಾಯಿಮರಿಗಳಿಗೆ ಹಾಕುವುದು ಸರಿಯಲ್ಲ ಅನ್ನುತ್ತಾರೆ. ಅವಮಾನ ಉಂಡು ಬೆಳೆದ ಕೇರಿಯವರಿಗೆ ಆ ಮಾತು ಚುಚ್ಚುತ್ತದೆ. ಅದನ್ನು ಹಾರಿಸಿ ಓದಬೇಡಿ. ಆ ತಾಯಿ ಎದುರುತ್ತರ ಕೊಟ್ಟಳು, ಯೇಸು ಆ ಉತ್ತರವನ್ನು ಮೆಚ್ಚಿ ಅವಳು ಕೇಳಿದ್ದನ್ನು ಕೊಟ್ಟರು, ಸುವಾರ್ತೆಯಲ್ಲಿ ಯೇಸುವಿನೊಡನೆ ವಾದಿಸಿ ಗೆದ್ದವಳು ಅವಳು ಎಂಬುದನ್ನು ತೋರಿಸಿ. ಉತ್ತರ ಗೊತ್ತಿಲ್ಲದಿದ್ದರೆ ಮುಂದಿನ ವಾರ ಹೇಳುತ್ತೇನೆ ಎಂದು ಬರೆದುಕೊಳ್ಳಿ. ಓದು ಪ್ರಸಂಗ (ಬೋಧನೆಯ ಭಾಷಣ) ಆಗಿಬಿಟ್ಟರೆ ಮೂರನೇ ವಾರಕ್ಕೆ ಅವರು ಬರುವುದಿಲ್ಲ.

ಇನ್ನು ಕಾನೂನು. ಹಿರಿಯರ ಭಯ ಆಧಾರವಿಲ್ಲದ್ದಲ್ಲ. ಸಂವಿಧಾನದ 25ನೇ ವಿಧಿ ಧರ್ಮವನ್ನು ಪ್ರಚಾರ ಮಾಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ, ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಕ್ಕೆ ಒಳಪಟ್ಟು. ಆದರೆ 1977ರಲ್ಲಿ ಸ್ಟೇನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪ್ರಚಾರದ ಹಕ್ಕಿನಲ್ಲಿ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಸೇರಿಲ್ಲ ಎಂದು ತೀರ್ಪು ಕೊಟ್ಟಿತು. ಕರ್ನಾಟಕದಲ್ಲಿ 2022ರ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ ಬಂತು. ಉಡುಗೊರೆ, ಹಣ, ಉದ್ಯೋಗ, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣ, ಮದುವೆಯ ಭರವಸೆ, ಉತ್ತಮ ಜೀವನದ ಆಸೆ, ದೈವಕೋಪದ ಮಾತು, ಒಂದು ಧರ್ಮವನ್ನು ಇನ್ನೊಂದರ ವಿರುದ್ಧ ಹೊಗಳುವುದು, ಇವೆಲ್ಲ ಅದರಲ್ಲಿ ಆಮಿಷದ ವ್ಯಾಖ್ಯೆಯೊಳಗೆ ಬರುತ್ತವೆ. ಶಿಕ್ಷೆ 3ರಿಂದ 5 ವರ್ಷ. ಅಪ್ರಾಪ್ತರು, ಮಹಿಳೆಯರು, ಪರಿಶಿಷ್ಟರ ವಿಷಯದಲ್ಲಿ 10 ವರ್ಷದವರೆಗೆ. ಮತ ಬದಲಿಸುವವರು 30 ದಿನ ಮುಂಚೆ ಜಿಲ್ಲಾ ದಂಡಾಧಿಕಾರಿಗೆ ತಿಳಿಸಬೇಕು. ದೂರನ್ನು ಸಂಬಂಧಿಕರಷ್ಟೇ ಅಲ್ಲ, ಸಹೋದ್ಯೋಗಿಯೂ ಕೊಡಬಹುದು. ನಿರ್ದೋಷಿ ಎಂದು ಸಾಬೀತುಮಾಡುವ ಹೊರೆ ಆರೋಪಿಯ ಮೇಲೆ. 2023ರ ಜೂನ್‌ನಲ್ಲಿ ಸಚಿವ ಸಂಪುಟ ಇದನ್ನು ಹಿಂಪಡೆಯುವ ತೀರ್ಮಾನ ಮಾಡಿತು. ಆದರೆ ಸಂಪುಟದ ತೀರ್ಮಾನದಿಂದಲೇ ಕಾಯ್ದೆ ಅಳಿಯುವುದಿಲ್ಲ, ವಿಧಾನಮಂಡಲದಲ್ಲಿ ಮಸೂದೆ ಅಂಗೀಕಾರವಾಗಬೇಕು. ಆದ್ದರಿಂದ ವಕೀಲರೊಬ್ಬರನ್ನು ಒಂದು ಸಂಜೆ ಕರೆಸಿ ಸಭೆಗೆ ವಿವರಿಸಲು ಹೇಳಿ. ಅವರ ಶುಲ್ಕವನ್ನು ನಿಮ್ಮ 40,000ದಲ್ಲೇ ಕೊಡಿ.

ನಮಗೆ ಕಾಯ್ದೆಗಿಂತ ಮೊದಲಿನಿಂದಲೂ ಒಂದು ಕಟ್ಟಳೆ ಇದೆ. ಹಣ ಕೊಟ್ಟು ದೇವರ ವರವನ್ನು ಕೊಳ್ಳಬಂದ ಸೀಮೋನನನ್ನು ಯೇಸುವಿನ ಶಿಷ್ಯ ಪೇತ್ರನು ಗದರಿಸಿದ್ದು ಬೈಬಲಿನ ‘ಅಪೊಸ್ತಲರ ಕೃತ್ಯಗಳು’ ಪುಸ್ತಕದ 8ನೇ ಅಧ್ಯಾಯದಲ್ಲಿದೆ. ಹಣ ಕೊಟ್ಟು ವಿಶ್ವಾಸಿಯನ್ನು ಕೊಳ್ಳುವುದೂ ಅದೇ ಪಾಪ. 2011ರಲ್ಲಿ ಚರ್ಚುಗಳ ವಿಶ್ವ ಮಂಡಳಿ, ವ್ಯಾಟಿಕನ್ನಿನ ಅಂತರಧರ್ಮ ಸಂವಾದ ಮಂಡಳಿ, ವಿಶ್ವ ಇವ್ಯಾಂಜೆಲಿಕಲ್ ಒಕ್ಕೂಟ ಮೂರೂ ಸೇರಿ ಹೊರಡಿಸಿದ ಮಾರ್ಗಸೂಚಿಯೂ ಬಡತನವನ್ನು ಬಳಸಿಕೊಂಡು ಸುವಾರ್ತೆ ಸಾರುವುದನ್ನು ತಿರಸ್ಕರಿಸಿತು. ನಮ್ಮ ನಾಡಿನ ಚರಿತ್ರೆಯಲ್ಲೂ ಇದರ ನೋವಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು, ವಿಶ್ವಾಸಿಗಳಾದ ಕಾರಣಕ್ಕೆ ಮನೆ, ಕಸುಬು ಎರಡನ್ನೂ ಕಳೆದುಕೊಂಡವರಿಗಾಗಿ ನೇಯ್ಗೆ ಶಾಲೆ, ಹೆಂಚಿನ ಕಾರ್ಖಾನೆ ಕಟ್ಟಿದರು. ಮಂಗಳೂರಿನ ಜೆಪ್ಪುವಿನ ಹೆಂಚಿನ ಕಾರ್ಖಾನೆ 1865ರದು. ಆ ಕರುಣೆ ಸರಿಯಾದದ್ದೇ. ಆದರೆ ಸಂಬಳವೂ ಬೋಧನೆಯೂ ಒಂದೇ ಕೈಯಿಂದ ಬಂದಾಗ ವಿಶ್ವಾಸದ ಮೇಲೆ ಸಂಶಯ ತಪ್ಪಲಿಲ್ಲ. ನೀವು ಅಕ್ಕಿ ಹಂಚುವುದಾದರೆ ಆ ದಿನ ಕರಪತ್ರ ಮುಟ್ಟಬೇಡಿ, ಹಂಚುವವರೂ ಬೇರೆಯವರಿರಲಿ.

ಪರಿಶಿಷ್ಟ ಜಾತಿಯವರು ಕ್ರೈಸ್ತರಾಗಲು ದೀಕ್ಷಾಸ್ನಾನ (ಬ್ಯಾಪ್ಟಿಸಮ್) ಕೇಳಿದಾಗ ಒಂದು ಸತ್ಯವನ್ನು ಮೊದಲೇ ಹೇಳಬೇಕು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಆ ಸ್ಥಾನಮಾನ ಹಿಂದೂ, ಸಿಖ್, ಬೌದ್ಧರಿಗೆ ಮಾತ್ರ, ಕ್ರೈಸ್ತರಾದವರಿಗೆ ಇಲ್ಲ. ಇದನ್ನು ಮುಚ್ಚಿಟ್ಟು ದೀಕ್ಷೆ ಕೊಟ್ಟರೆ ಮಕ್ಕಳ ಓದು, ನೌಕರಿಯ ವೇಳೆಗೆ ಆ ಕುಟುಂಬಕ್ಕೆ ಮೋಸವಾದಂತೆ ಆಗುತ್ತದೆ. ಅವರು ಮನೆಯವರೊಡನೆ ಮಾತಾಡಿ, ಯೋಚಿಸಿ ಬರಲಿ. ಅವಸರ ಮಾಡಬೇಕಾದವರು ನೀವಲ್ಲ.

ಸ್ವಸ್ಥತಾ ಕೂಟ ಬೇಡ ಎಂಬುದು ನಮ್ಮ ನೇರ ಮಾತು. ರೋಗಿಗಳಿಗಾಗಿ ಪ್ರಾರ್ಥಿಸಿ, ಅವರ ಮನೆಗೆ ಹೋಗಿ, ಆಸ್ಪತ್ರೆಯಲ್ಲಿ ರಾತ್ರಿ ಜೊತೆಗಿರಿ. ಆದರೆ ‘ಕ್ಯಾನ್ಸರ್, ಸಕ್ಕರೆ, ಮೂರ್ಛೆ ವಾಸಿ’ ಎಂದು ಬ್ಯಾನರ್ ಕಟ್ಟಿದರೆ 1954ರ ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ ಜಾಹೀರಾತು ಕಾಯ್ದೆಗೆ ಸಿಕ್ಕಿಬೀಳಬಹುದು. ಅದಕ್ಕಿಂತ ದೊಡ್ಡ ಅಪಾಯ, ಪ್ರಾರ್ಥನೆ ಮಾಡಿಸಿಕೊಂಡವರು ಮಾತ್ರೆ ಬಿಡುವುದು. ಕ್ಷಯರೋಗದ ಆರು ತಿಂಗಳ ಔಷಧವನ್ನು ನಡುವೆ ಬಿಟ್ಟರೆ ರೋಗ ಔಷಧಕ್ಕೆ ಬಗ್ಗದಂತಾಗುತ್ತದೆ, ಮನೆಯವರಿಗೂ ಹರಡುತ್ತದೆ. ಪ್ರಾರ್ಥಿಸುವವರು ಪ್ರತಿ ಸಲ ‘ಮಾತ್ರೆ ನಿಲ್ಲಿಸಬೇಡಿ’ ಎಂದು ಬಾಯಿಬಿಟ್ಟು ಹೇಳಲೇಬೇಕು.

ಕ್ಯಾಮೆರಾವೂ ಬೇಡ. ನಿಮ್ಮ ಚಾನೆಲ್ಲನ್ನು ವಿಶ್ವಾಸಿಗಳೇ ನೋಡುವುದಕ್ಕೆ ಕಾರಣ ಚಿತ್ರದ ಗುಣಮಟ್ಟವಲ್ಲ. ಒಂದು ಗಂಟೆಯ ಪ್ರಸಂಗವನ್ನು ಹೊರಗಿನವರು ಹುಡುಕುವುದಿಲ್ಲ, ನಿದ್ದೆ ಬಾರದ ರಾತ್ರಿ ಅವರು ತಮ್ಮ ಚಿಂತೆಯನ್ನು ಹುಡುಕುತ್ತಾರೆ. ಸುಮಾರು ಸಾವಿರ ರೂಪಾಯಿಯ ಕಾಲರ್ ಮೈಕ್ ತೆಗೆದುಕೊಂಡು, ಯೇಸು ಹೇಳಿದ ಸಾಮ್ಯಗಳನ್ನು (ದೃಷ್ಟಾಂತ ಕಥೆಗಳನ್ನು) ನಿಮ್ಮ ಊರಿನ ಮಾತಿನಲ್ಲೇ, ಕಥೆ ಹೇಳಬಲ್ಲ ಅಜ್ಜಿಯೊಬ್ಬರಿಂದ ಮೂರು ಮೂರು ನಿಮಿಷ ಹೇಳಿಸಿ. ಚರ್ಚಿನ ಹಾಲ್ ಬೇಡ, ಮಾತು ಮರುದನಿಸುತ್ತದೆ. ಹಾಸಿಗೆ, ಬಟ್ಟೆ ತುಂಬಿದ ಸಣ್ಣ ಕೋಣೆ, ಫ್ಯಾನ್ ಬಂದ್, ಮೈಕ್ ಬಾಯಿಯಿಂದ ಒಂದು ಗೇಣು ದೂರ. ಧ್ವನಿಯನ್ನು 64 ಕೆಬಿಪಿಎಸ್ ಎಂಬ ಕಡಿಮೆ ಗುಣಮಟ್ಟದಲ್ಲಿ ಉಳಿಸಿದರೆ ಮೂರು ನಿಮಿಷಕ್ಕೆ ಒಂದೂವರೆ ಎಂಬಿಯೂ ಆಗದು, ಎಂಥ ಫೋನಿನಲ್ಲೂ ಇಳಿಯುತ್ತದೆ. ಹಾಡುವವರಿದ್ದರೆ ಇನ್ನೂ ಒಳ್ಳೆಯದು. ಯೇಸುವಿನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿ ಕಟ್ಟಿ ಕಿಟ್ಟೆಲ್ 1862ರಲ್ಲೇ ‘ಕಥಾಮಾಲೆ’ ತಂದಿದ್ದರು. ಡೊಳ್ಳು, ಭಜನೆ, ಲಾವಣಿಯ ನಾಡಿನಲ್ಲಿರುವ ನೀವು ಕೀಬೋರ್ಡಿನ ಟ್ರ್ಯಾಕಿಗೆ ಕಾಯಬೇಕಿಲ್ಲ.

ವಾಟ್ಸಾಪಿನಲ್ಲಿ ಒಂದು ಎಚ್ಚರಿಕೆ. ಹೊಸಬರನ್ನು ಗ್ರೂಪಿಗೆ ಸೇರಿಸಲೇಬೇಡಿ, ಅವರ ನಂಬರು ಎಲ್ಲರಿಗೂ ಕಾಣುತ್ತದೆ, ಊರಿನಲ್ಲಿ ಮಾತಾಗುತ್ತದೆ. ಬ್ರಾಡ್‌ಕಾಸ್ಟ್ ಪಟ್ಟಿ ಬಳಸಿ. ಅದರಲ್ಲಿ 256 ಜನರವರೆಗೆ ಸೇರಿಸಬಹುದು, ಒಬ್ಬರಿಗೊಬ್ಬರು ಕಾಣುವುದಿಲ್ಲ, ನಿಮ್ಮ ನಂಬರನ್ನು ಉಳಿಸಿಕೊಂಡವರಿಗೆ ಮಾತ್ರ ತಲುಪುತ್ತದೆ. ಹಾಗಾಗಿ ಬೇಡವಾದವರಿಗೆ ತೊಂದರೆಯೂ ಇಲ್ಲ. ದೀಕ್ಷಾಸ್ನಾನದ ವಿಡಿಯೊ, ಮಕ್ಕಳ ಮುಖ ಎಲ್ಲಿಯೂ ಹಾಕಬೇಡಿ. ಬೇಸಿಗೆ ಬೈಬಲ್ ಶಾಲೆಗೆ ಬೇರೆ ಮನೆಯ ಮಕ್ಕಳು ಬಂದರೆ ಹೆತ್ತವರ ಲಿಖಿತ ಒಪ್ಪಿಗೆ ಇರಲಿ. ಸೌದಿಯಲ್ಲಿ ದುಡಿಯುವ ನಿಮ್ಮ ಸಭೆಯವರ ಫೋನಿಗೆ ಪ್ರಚಾರದ ಸಾಮಗ್ರಿ ಕಳಿಸಿ ಅವರನ್ನು ಅಪಾಯಕ್ಕೆ ದೂಡಬೇಡಿ.

ಇಷ್ಟಕ್ಕೂ ಫೋನ್, ಮೈಕ್, ಐನೂರು ಕರಪತ್ರ, ಮಾರ್ಕನ ಸುವಾರ್ತೆಯ ನೂರು ಪ್ರತಿ ಸೇರಿದರೂ ಅರ್ಧ ಹಣ ಉಳಿಯುತ್ತದೆ. ಉಳಿದದ್ದನ್ನು ಭೇಟಿಗೆ ಹೋಗುವವರ ಬಸ್ಸಿಗೆ, ಪೆಟ್ರೋಲಿಗೆ ಇಡಿ. ಹೊರದೇಶದ ಪೌರತ್ವ ಪಡೆದ ನೆಂಟರು ಸಂಘಕ್ಕೆ ಹಣ ಕಳಿಸುತ್ತೇವೆ ಎಂದರೆ, ವಿದೇಶಿ ದೇಣಿಗೆ ಕಾಯ್ದೆಯಡಿ ನೋಂದಣಿ ಇಲ್ಲದೆ ಒಂದು ರೂಪಾಯಿಯನ್ನೂ ಪಡೆಯಬೇಡಿ. ಪ್ರವಾಸಿ ವೀಸಾದಲ್ಲಿ ಬಂದ ವಿದೇಶಿಯರನ್ನು ಪ್ರಸಂಗಕ್ಕೆ ನಿಲ್ಲಿಸಬೇಡಿ.

ಹಿರಿಯರೊಡನೆ ಜಗಳ ಬೇಡ. ತಿಂಗಳಿಗೊಮ್ಮೆ ಆ ನೋಟ್‌ಬುಕ್ಕನ್ನು, ಕರೆ ಮಾಡಿದವರ ಗುರುತು ಬಿಟ್ಟುಕೊಡದೆ, ಅವರ ಮುಂದೆ ಓದಿ. ಜನ ಏನು ಕೇಳುತ್ತಿದ್ದಾರೆ ಎಂದು ತಿಳಿದ ಮೇಲೆ ನಿಲ್ಲಿಸಿ ಎನ್ನುವುದು ಅವರಿಗೂ ಕಷ್ಟ. ಅವರ ಜೊತೆ ಕೂತು ಮಾತಾಡಬೇಕಾದ ಇನ್ನೊಂದು ವಿಷಯವಿದೆ, ಕಾಯ್ದೆಗಿಂತ ಅದು ಕಠಿಣ. ಹದಿನಾರು ವಾರ ಓದಿ ಕೊನೆಗೆ ಸಭೆಗೆ ಬಂದವರು ಮೊದಲು ನೋಡುವುದು ಯಾರು ಯಾರ ಪಕ್ಕ ಕೂರುತ್ತಾರೆ, ಯಾರ ಮನೆಯಲ್ಲಿ ಯಾರು ಉಣ್ಣುತ್ತಾರೆ, ಮದುವೆಗೆ ಹುಡುಗಿ ಹುಡುಕುವಾಗ ಹಳೆಯ ಜಾತಿ ಕೇಳುತ್ತಾರೋ ಎಂಬುದನ್ನು. ನಿಮ್ಮ ಸಭೆಯಲ್ಲಿ ಇದಕ್ಕೆ ಏನು ಉತ್ತರವಿದೆ ಎಂಬುದನ್ನು ಕರಪತ್ರ ಅಚ್ಚಿಗೆ ಹೋಗುವ ಮುಂಚೆಯೇ ಹಿರಿಯರೂ ಯುವಕರೂ ಸೇರಿ ಇತ್ಯರ್ಥ ಮಾಡಿಕೊಳ್ಳಿ.

— ಸಂಪಾದಕರು