ತೀರಿಹೋದ ಮಗಳ ನಂಬರಿಗೆ ರೀಚಾರ್ಜ್

(ಹೆಸರು, ಊರು, ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಮನೆಯವರು ಒಪ್ಪಿದ ಮೇಲೆ ಬರೆದದ್ದು.)

ಆಲೂರು ಕಡೆಯ ದಂಪತಿ. ಶುಂಠಿ, ಜೋಳ ಬೆಳೆಯುವ ಮನೆ. ಹೆಂಡತಿ ಸವಿತಾ ಅವರನ್ನು ಹಾಸನಕ್ಕೆ, ಆಪ್ತಸಮಾಲೋಚನೆ ಮಾಡುವ ನನ್ನ ಹತ್ತಿರ ಕರೆದುಕೊಂಡು ಬಂದವರು ಗಂಡ ಮಂಜೇಗೌಡರು. ಕೂರುವ ಮುಂಚೆಯೇ ದೂರು ಶುರುವಾಯಿತು.

"ಮೇಡಂ, ಹೋದ ಮಗಳ ನಂಬರಿಗೆ ತಿಂಗಳು ತಿಂಗಳು ಕರೆನ್ಸಿ ಹಾಕಿಸ್ತಾಳೆ. ಮಧ್ಯಾಹ್ನ ಯಾರೂ ಇಲ್ದಾಗ ಇವಳೇ ಫೋನ್ ಮಾಡಿ, ಬೀರು ಒಳಗೆ ಅದು ರಿಂಗ್ ಆಗೋದನ್ನ ಕೇಳ್ತಾ ಕೂತಿರ್ತಾಳೆ. ತಲೆ ಏನಾದ್ರೂ ಕೆಟ್ಟಿದೆಯಾ ನೋಡಿ."

ಮಗಳು ಚೈತ್ರಾ. 19 ವರ್ಷ, ಹಾಸನದಲ್ಲಿ ಡಿಗ್ರಿ ಓದುತ್ತಿದ್ದಳು. ಡೆಂಗೆ ಜ್ವರದಲ್ಲಿ ಹೋದಳು. ಅವರು ಬಂದಾಗ ಅದಾಗಿ ಒಂಬತ್ತು ತಿಂಗಳಾಗಿತ್ತು.

ಗಂಡನನ್ನು ಹೊರಗೆ ಕೂರಿಸಿ ಸವಿತಾ ಜೊತೆ ಮಾತಾಡಿದೆ. ರೀಚಾರ್ಜ್ ಯಾಕೆ ಅಂತ ಕೇಳಿದೆ. "ಹಾಕಿಸ್ದೇ ಇದ್ರೆ ನಂಬರ್ ಬೇರೆಯವ್ರಿಗೆ ಕೊಟ್ಬಿಡ್ತಾರಂತೆ, ಮಗ ಹೇಳ್ದ. ಆಮೇಲೆ ನಾನು ಮಾಡಿದ್ರೆ ಯಾರೋ ಎತ್ತಿ ಹಲೋ ಅಂತಾರಲ್ಲ ಮೇಡಂ." ಇದರಲ್ಲಿ ತಲೆ ಕೆಟ್ಟ ಮಾತು ಏನಿದೆ ಹೇಳಿ? ಪ್ರೀಪೇಯ್ಡ್ ಸಿಮ್ಮನ್ನು 90 ದಿನ ಬಳಸದೇ ಬಿಟ್ಟರೆ ಕಂಪನಿಯವರು ಬಂದ್ ಮಾಡಬಹುದು, ಆಮೇಲೆ ಆ ನಂಬರ್ ಬೇರೆಯವರ ಕೈಗೂ ಹೋಗಬಹುದು. ಜೊತೆಗೆ ಆ ಫೋನಿನಲ್ಲಿ ಮಗಳು ಕಳಿಸಿದ ವಾಯ್ಸ್ ಮೆಸೇಜುಗಳಿದ್ದವು. ಒಂದನ್ನು ನನಗೂ ಕೇಳಿಸಿದರು. ಬಸ್ಸಿನ ಗದ್ದಲದ ನಡುವೆ ಹುಡುಗಿಯ ದನಿ: "ಅಮ್ಮಾ, ಬಸ್ ಸಿಕ್ತು. ರೊಟ್ಟಿಗೆ ಹುಚ್ಚೆಳ್ಳು ಚಟ್ನಿ ಮಾಡಿರು. ನಿನ್ನೇದು ಇಡ್ಬೇಡ ಮತ್ತೆ."

ಫೋನ್ ಕಿತ್ತುಕೊಳ್ಳಬೇಡಿ ಅಂತ ಗೌಡರಿಗೆ ಮೊದಲೇ ಹೇಳಿದೆ. ಮೆಸೇಜು, ಫೋಟೋ ಎಲ್ಲವನ್ನೂ ಮಗ ತನ್ನ ಫೋನಿಗೂ ಒಂದು ಪೆನ್‌ಡ್ರೈವಿಗೂ ಹಾಕಿಡಲಿ. ರೀಚಾರ್ಜ್ ಎಷ್ಟು ದಿನ ಹಾಕಿಸಬೇಕು ಅನ್ನೋದನ್ನು ಸವಿತಾ ಅವರೇ ತೀರ್ಮಾನಿಸಲಿ. ಅದರಿಂದ ಮನೆಗೆ ನಷ್ಟವೇನೂ ಇಲ್ಲ.

ನನಗೆ ಚಿಂತೆಯಾದದ್ದು ಬೇರೆ. ಒಂಬತ್ತು ತಿಂಗಳಿಂದ ಈ ತಾಯಿ ಸರಿಯಾಗಿ ನಿದ್ದೆ ಮಾಡಿಲ್ಲ, ಊಟ ಅರ್ಧಕ್ಕರ್ಧ, ಮನಸ್ಸಿನಲ್ಲಿ ಮತ್ತೆ ಮತ್ತೆ ಒಂದೇ ದಿನಕ್ಕೆ ವಾಪಸ್ ಹೋಗುತ್ತಾರೆ. ಮಗಳನ್ನು ನಾಲ್ಕು ದಿನ ಸುಡುತ್ತಿದ್ದ ಜ್ವರ ಐದನೇ ದಿನ ಬೆಳಗ್ಗೆ ಇಳಿದಿತ್ತು. ದೇವರಿಗೆ ದೀಪ ಹಚ್ಚಿ, ಗಂಜಿ ಕುಡಿಸಿ, ಮಲಗು ಮಗಾ ಅಂದರು. ಹೊಟ್ಟೆನೋವು ಅಂದಳು. ಖಾಲಿ ಹೊಟ್ಟೆಗೆ ಮಾತ್ರೆ ನುಂಗಿದ್ದಕ್ಕಿರಬೇಕು ಅಂದುಕೊಂಡರು. ಸಂಜೆಗೆ ಕೈಕಾಲು ತಣ್ಣಗಾಗಿತ್ತು. "ಜ್ವರ ಬಿಡ್ತು ಅಂತ ಖುಷಿಪಟ್ಟೆ ಮೇಡಂ ನಾನು. ಖುಷಿಪಟ್ಟೆ."

ಇಂಥ ಹೊತ್ತಲ್ಲಿ "ನಿಮ್ಮ ತಪ್ಪಲ್ಲ ಬಿಡಿ" ಅಂದರೆ ಕೆಲಸಕ್ಕೆ ಬರುವುದಿಲ್ಲ. ನೆಂಟರೆಲ್ಲ ಅದನ್ನೇ ಹೇಳಿ ಹೋಗಿರುತ್ತಾರೆ, ತಾಯಿ ಅದನ್ನು ಒಂದು ಕಿವೀಲಿ ಕೇಳಿ ಇನ್ನೊಂದರಲ್ಲಿ ಬಿಟ್ಟಿರುತ್ತಾಳೆ. ಹಾಗಾಗಿ ಆ ದಿನವನ್ನು ಗಂಟೆ ಗಂಟೆಗೆ ಬಿಡಿಸಿ ಹೇಳಿ ಅಂದೆ. ಆಗ ನಿಮಗೆ ಗೊತ್ತಿದ್ದದ್ದು ಏನು, ಆಮೇಲೆ ಗೊತ್ತಾದದ್ದು ಏನು, ಎರಡನ್ನೂ ಬೇರೆ ಬೇರೆ ಬರೆದೆವು. ಆಮೇಲೆ ಆಸ್ಪತ್ರೆಯ ಫೈಲ್ ತೆಗೆದುಕೊಂಡು, ಅವರ ಮನೆಯವರೆಲ್ಲ ನಂಬುವ ಡಾಕ್ಟರ್ ಹತ್ತಿರ ಇಬ್ಬರೂ ಹೋಗಿ ಕೇಳಿ ಅಂತ ಕಳಿಸಿದೆ. ಆ ಡಾಕ್ಟರು ಪುರುಸೊತ್ತು ಮಾಡಿಕೊಂಡು ವಿವರಿಸಿದರಂತೆ. ಡೆಂಗೆಯಲ್ಲಿ ಅಪಾಯದ ಹೊತ್ತು ಶುರುವಾಗುವುದೇ ಜ್ವರ ಇಳಿಯುವಾಗ, ಸಾಮಾನ್ಯವಾಗಿ ಮೂರರಿಂದ ಏಳನೇ ದಿನದೊಳಗೆ. ಕೆಲವರಲ್ಲಿ ರಕ್ತನಾಳದಿಂದ ನೀರಿನಂಶ ಸೋರಿ ಬಿಪಿ ಕುಸಿಯುತ್ತದೆ. ಜ್ವರ ಬಿಟ್ಟರೆ ವಾಸಿಯಾಯಿತು ಅಂತ ಯಾವ ತಾಯಿಯಾದರೂ ಅಂದುಕೊಳ್ಳುತ್ತಾಳೆ. (ಓದುತ್ತಿರುವವರು ಗಮನಿಸಿ: ಜ್ವರ ಇಳಿದ ಮೇಲೆ ಜೋರು ಹೊಟ್ಟೆನೋವು, ಮೇಲಿಂದ ಮೇಲೆ ವಾಂತಿ, ವಸಡಿನಲ್ಲಿ ರಕ್ತ, ತುಂಬಾ ಸುಸ್ತು, ಯಾವುದು ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಿ.)

ಇದರಿಂದ ಸವಿತಾ ಅವರ ದುಃಖವೇನೂ ಕಮ್ಮಿಯಾಗಲಿಲ್ಲ. ಆದರೆ "ನಾನೇ ಕೊಂದೆ" ಅನ್ನುವ ಮಾತು ನಿಂತಿತು. ನಿದ್ದೆ ಸ್ವಲ್ಪ ಹತ್ತತೊಡಗಿತು.

ಇನ್ನು ಗೌಡರು. ತಿಥಿ ಮುಗಿದ ಮಾರನೇ ದಿನವೇ ಹೊಲಕ್ಕಿಳಿದವರು ಮಗಳ ಹೆಸರು ಎತ್ತಿಲ್ಲ. "ಇವ್ರಿಗೆ ಮಗಳು ಮರ್ತೇ ಹೋದ್ಲು" ಅನ್ನೋದು ಹೆಂಡತಿಯ ಸಿಟ್ಟು. ಒಬ್ಬರೇ ಸಿಕ್ಕಾಗ ಕೇಳಿದೆ. ತುಂಬಾ ಹೊತ್ತು ಟವೆಲ್ ಅಂಚು ಹಿಸುಕುತ್ತಾ ಕೂತಿದ್ದು, "ರಾತ್ರಿ ತ್ರೀ ಫೇಸ್ ಕರೆಂಟ್ ಬಂದಾಗ ಪಂಪ್ ಹಾಕಕ್ಕೆ ಹೋಗ್ತೀನಲ್ಲ ಮೇಡಂ, ಅಲ್ಲೇ ಅತ್ಕೊಂಡು ಬರ್ತೀನಿ. ಮೋಟ್ರು ಸದ್ದಿಗೆ ಯಾರಿಗೂ ಕೇಳ್ಸಲ್ಲ" ಅಂದರು.

ದುಃಖದಲ್ಲಿರುವವರು ಸ್ವಲ್ಪ ಹೊತ್ತು ಹೋದವರ ನೆನಪಿನ ಕಡೆಗೆ, ಸ್ವಲ್ಪ ಹೊತ್ತು ಬದುಕಿನ ಕೆಲಸದ ಕಡೆಗೆ ಓಡಾಡುತ್ತಿರುತ್ತಾರೆ ಅಂತ ನೆದರ್ಲೆಂಡ್ಸ್‌ನ ಇಬ್ಬರು ಸಂಶೋಧಕರು 1999ರಲ್ಲಿ ಒಂದು ಮಾದರಿ ಮುಂದಿಟ್ಟರು. ನಮ್ಮ ಕೆಲಸದಲ್ಲಿ ಅದನ್ನು ಜಾಸ್ತಿ ಬಳಸುತ್ತೇವೆ. ಎರಡೂ ಬೇಕು. ಈ ಮನೆಯಲ್ಲಿ ಏನಾಗಿತ್ತು ಅಂದರೆ, ನೆನಪನ್ನೆಲ್ಲ ಹೆಂಡತಿ ಹೊತ್ತುಕೊಂಡಿದ್ದರು, ಕೆಲಸವನ್ನೆಲ್ಲ ಗಂಡ. ಮಧ್ಯದಲ್ಲಿ ಪಿಯುಸಿ ಓದುವ ಮಗ. "ಅಕ್ಕನ ಬಗ್ಗೆ ಮಾತಾಡಿದ್ರೆ ಅಮ್ಮ ಅಳ್ತಾಳೆ, ಅಪ್ಪ ಎದ್ದು ಹೋಗ್ತಾರೆ. ನಾನೂ ಈ ಮನೇಲಿದೀನಿ ಅನ್ನೋದೇ ಇಬ್ರಿಗೂ ನೆನಪಿಲ್ಲ" ಅಂದ. ಅವನು ಅದನ್ನು ಅಪ್ಪ ಅಮ್ಮನ ಎದುರಿಗೇ ಹೇಳಿದ್ದು ಒಳ್ಳೆಯದಾಯಿತು.

ನಾನು ಹೇಳಿದ್ದು ಇಷ್ಟು. ಮನೆಯಲ್ಲಿ ಚೈತ್ರಾ ಹೆಸರು ಎತ್ತಿ. ಊಟಕ್ಕೆ ಕೂತಾಗ ಅವಳ ಕಿತಾಪತಿ, ಜಗಳ ಎಲ್ಲ ಮಾತಿಗೆ ಬರಲಿ, ಅಳು ಬಂದರೆ ಅತ್ತುಬಿಡಿ. ನಗು ಬಂದರೂ ತಡೆಯಬೇಡಿ, ನಕ್ಕರೆ ಮಗಳಿಗೆ ಮೋಸ ಮಾಡಿದ ಹಾಗೆ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಗೌಡರು ವಾರಕ್ಕೊಂದು ಸಲವಾದರೂ ಹೆಂಡತಿ ಜೊತೆ ಕೂತು ಆ ಮೆಸೇಜು ಕೇಳಲಿ. ಸವಿತಾ ಅವರು ದಿನಕ್ಕೆ ಒಂದು ಗಂಟೆ ಹೊಲದ ಕಡೆ ಹೋಗಲಿ. ಮಗನ ಪರೀಕ್ಷೆ, ಅವನ ಊಟ, ಇದು ಇಬ್ಬರ ಜವಾಬ್ದಾರಿ. "ಎಷ್ಟು ಮಕ್ಕಳು" ಅಂತ ಮದುವೆ ಮನೆಯಲ್ಲಿ ಯಾರಾದರೂ ಕೇಳಿದರೆ ಇಬ್ಬರು ಅಂತಲೇ ಹೇಳಿ, ಮುಂದಿನದನ್ನು ವಿವರಿಸುವ ಹಂಗು ನಿಮಗಿಲ್ಲ.

ಪಕ್ಷದಲ್ಲಿ ಮಗಳಿಗೆ ಎಡೆ ಇಡಬೇಕು ಅಂತ ಸವಿತಾಗೆ ಆಸೆ. ಮದುವೆಯಾಗದ ಮಗುವಿಗೆ ಹಿರಿಯರ ಜೊತೆ ಎಡೆ ಇಡಲ್ಲ ಅಂತ ಅತ್ತೆಯವರ ಪಟ್ಟು. ಪದ್ಧತಿಯ ತೀರ್ಪು ಕೊಡುವುದು ನನ್ನ ಕೆಲಸವಲ್ಲ, ಅದಕ್ಕೆ ಅಜ್ಜಿಯನ್ನೇ ಕೇಳಿ, ಹಾಗಾದರೆ ಏನು ಮಾಡಬಹುದು ಅಂತ, ಅಂದೆ. ಅಜ್ಜಿ ಒಂದು ದಿನ ಯೋಚನೆ ಮಾಡಿ, ಹುಟ್ಟಿದ ದಿನ ಮಾಡು, ಊರಿನ ಶಾಲೆ ಮಕ್ಕಳಿಗೆ ಊಟ ಹಾಕು ಅಂದರಂತೆ. ರೊಟ್ಟಿ ತಟ್ಟಲು ತಾವೂ ಕೂತರಂತೆ.

ಕೊನೆಗೆ, ಇಂಥ ಮನೆ ನಿಮ್ಮ ಹತ್ತಿರದಲ್ಲಿದ್ದರೆ ಇದನ್ನು ಗಮನದಲ್ಲಿಡಿ. ಹಂಬಲ, ಅಳು, ಫೋನ್ ಇಟ್ಟುಕೊಳ್ಳುವುದು ರೋಗವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ಬಿಡದ ಶೋಕಕ್ಕೆ ಬೇರೆ ಹೆಸರೇ ಇದೆ, ಕನಿಷ್ಠ 6 ತಿಂಗಳು ದಾಟಿರಬೇಕು, ದಿನದ ಬದುಕೇ ಕೆಟ್ಟಿರಬೇಕು. ಅಮೆರಿಕದ ಮನೋವೈದ್ಯರು 2022ರ ತಮ್ಮ ಪಟ್ಟಿಯಲ್ಲಿ ದೊಡ್ಡವರಿಗೆ ಒಂದು ವರ್ಷ ಅಂತಾರೆ. ಆದರೆ "ನಾನೂ ಅವಳ ಹತ್ತಿರ ಹೋಗ್ತೀನಿ" ಅನ್ನುವ ಮಾತು ಬಂದರೆ ಆರು ತಿಂಗಳು ಲೆಕ್ಕ ಹಾಕುತ್ತಾ ಕೂರಬೇಡಿ. ಒಬ್ಬರನ್ನೇ ಬಿಡಬೇಡಿ, ಅವತ್ತೇ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ರಾತ್ರಿಯಾಗಿದ್ದರೆ ಸರ್ಕಾರದ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.