ಟ್ಯಾಂಕರಿನ ಎಡಪಕ್ಕಕ್ಕೆ ನುಗ್ಗಬೇಡಿ

ಗೋವಾದ ಝುವಾರಿನಗರದ ಓದುಗರೊಬ್ಬರು ಬರೆದಿದ್ದಾರೆ: ‘ದಿನಾ ಸ್ಕೂಟರಿನಲ್ಲಿ ವೆರ್ಣಾದ ಫ್ಯಾಕ್ಟರಿಗೆ ಹೋಗುತ್ತೇನೆ. ಮೊನ್ನೆ ಟ್ಯಾಂಕರೊಂದು ಎಡಕ್ಕೆ ತಿರುಗುವಾಗ ನನ್ನನ್ನು ಗಟಾರದ ಅಂಚಿಗೆ ಒತ್ತಿಬಿಟ್ಟಿತು. ಡ್ರೈವರ್ ಬೇಕಂತಲೇ ಮಾಡಿದ. ಇಂಥ ಗಾಡಿಗಳನ್ನು ರಾತ್ರಿ ಮಾತ್ರ ಬಿಡಬಾರದೇ? ಹಿಂದೆ ಬರೆದಿರುತ್ತಾರಲ್ಲ, ಆ ನಂಬರುಗಳು ಏನು?’

ಸಂಪಾದಕರ ಉತ್ತರ:

ಪೆಟ್ಟಾಗಲಿಲ್ಲವಲ್ಲ, ಅಷ್ಟು ಸಾಕು. ಆದರೆ ‘ಬೇಕಂತಲೇ’ ಅನ್ನೋದನ್ನು ನಾನು ಒಪ್ಪಲಾರೆ. ಡ್ರೈವರ್ ಕೂರುವುದು ಬಲಗಡೆ, ನಿಮ್ಮ ಹೆಲ್ಮೆಟ್ಟಿಗಿಂತ ಎಷ್ಟೋ ಮೇಲೆ. ಎಡಬಾಗಿಲಿನ ಕೆಳಗೆ ಯಾರಿದ್ದಾರೆ ಅಂತ ಅವನಿಗೆ ಕಾಣುವುದೇ ಇಲ್ಲ. ಕ್ಲೀನರ್ ಇದ್ದರೆ ಬಾಗಿಲು ಬಡಿದು ಹೇಳುತ್ತಾನೆ. ಕ್ಲೀನರ್ ಇಲ್ಲದಿದ್ದರೆ ಹೇಳುವವರಿಲ್ಲ. ಉದ್ದದ ಗಾಡಿ ಎಡಕ್ಕೆ ತಿರುಗುವ ಮುಂಚೆ ಸ್ವಲ್ಪ ಬಲಕ್ಕೆ ಎಳೆದುಕೊಳ್ಳುತ್ತದೆ. ಆಗ ಎಡಗಡೆ ಜಾಗ ಬಿಡುತ್ತದೆ. ನಾವು ಅದನ್ನೇ ದಾರಿ ಅಂದುಕೊಂಡು ನುಗ್ಗುತ್ತೇವೆ, ಅಲ್ವಾ? ಹಿಂದಿನ ಚಕ್ರ ಮುಂದಿನ ಚಕ್ರದ ಗೆರೆಯಲ್ಲಿ ಬರುವುದಿಲ್ಲ, ಒಳಗೆ ಕತ್ತರಿಸಿಕೊಂಡು ಬರುತ್ತದೆ. ನೀವು ಸಿಕ್ಕಿದ್ದು ಅಲ್ಲೇ ಇರಬೇಕು. ಅವನ ಕನ್ನಡಿಯಲ್ಲಿ ಅವನ ಮುಖ ನಿಮಗೆ ಕಾಣದಿದ್ದರೆ ನೀವೂ ಅವನಿಗೆ ಕಾಣುತ್ತಿಲ್ಲ. ಸುಮ್ನೆ ಹಿಂದೆ ನಿಲ್ಲಿ.

ತುಂಬಿದ ಕೊಡ ತುಳುಕುವುದಿಲ್ಲ ಅನ್ನುತ್ತಾರೆ. ಟ್ಯಾಂಕರಿನದೂ ಅದೇ ಕಥೆ. ಅರ್ಧ ತುಂಬಿದ್ದು ಬ್ರೇಕ್ ಹಾಕಿದರೆ ಒಳಗಿನ ದ್ರವ ಮುಂದಕ್ಕೆ ನುಗ್ಗಿ ಗಾಡಿಯನ್ನೇ ದೂಡುತ್ತದೆ. ತಿರುವಿನಲ್ಲಿ ಒಂದು ಪಕ್ಕಕ್ಕೆ ಏರುತ್ತದೆ. ಒಳಗೆ ಅಡ್ಡ ತಗಡುಗಳಿದ್ದರೂ ಪಕ್ಕಕ್ಕೆ ತುಳುಕುವುದು ನಿಲ್ಲುವುದಿಲ್ಲ. ಕರ್ನಾಟಕದಿಂದ ಗೋವಾಕ್ಕೆ ವಾಪಸ್ ಬರುವಾಗ ಅನಮೋಡ ಘಾಟಿ ಇಳಿಯುವಲ್ಲಿ ಟ್ಯಾಂಕರಿನ ಮುಂದೆ ಖಾಲಿ ಜಾಗ ಕಂಡಿತೆಂದು ತೂರಬೇಡಿ. ಬ್ರೇಕ್ ಹಿಡಿಯಲು ಅವನಿಗೆ ಅಷ್ಟು ಜಾಗ ಬೇಕೇ ಬೇಕು.

ಇನ್ನು ರಾತ್ರಿಯ ಮಾತು. 2018ರ ಜನವರಿಯಲ್ಲಿ ಗೋವಾದ ವಾಸ್ಕೋ ಬಳಿಯ ಚಿಕಲಿಮ್‌ನಲ್ಲಿ ಅಮೋನಿಯಾ ಟ್ಯಾಂಕರ್ ಉರುಳಿದ್ದು ನಡುರಾತ್ರಿ ಕಳೆದ ಮೇಲೆ. ಮಲಗಿದ್ದ ಜನರನ್ನು ಎಬ್ಬಿಸಿ ಮನೆ ಖಾಲಿ ಮಾಡಿಸಬೇಕಾಯಿತು. ಹಾಗಾಗಿ ರಾತ್ರಿಗೆ ತಳ್ಳಿದರೆ ಎಲ್ಲ ಸರಿಹೋಗುತ್ತದೆ ಅನ್ನೋದು ನನಗೆ ಒಪ್ಪಿಗೆಯಿಲ್ಲ.

ಆ ನಂಬರುಗಳ ಬಗ್ಗೆ ಕೇಳಿದ್ದು ಒಳ್ಳೆಯದಾಯಿತು. ನಾಲ್ಕಂಕಿಯ ನಂಬರು ಒಳಗೇನಿದೆ ಅಂತ ಹೇಳುತ್ತದೆ: 1203 ಪೆಟ್ರೋಲ್, 1075 ಅಡುಗೆ ಗ್ಯಾಸ್, 1005 ಅಮೋನಿಯಾ. ಅದರ ಜೊತೆಗಿನ ಕೋಡು ಅಗ್ನಿಶಾಮಕ ದಳದವರಿಗೆ. ಆದರೆ ಕೋಡಿನ ಕೊನೆಗೆ ಇಂಗ್ಲಿಷಿನ ‘ಇ’ (E) ಅಕ್ಷರ ಇದ್ದರೆ ಜನರನ್ನು ದೂರ ಕಳಿಸಬೇಕಾಗಬಹುದು ಅಂತ ಅರ್ಥ. ಜೊತೆಗೆ ಫೋನ್ ನಂಬರೂ ಇರಬೇಕು. ಈ ಬೋರ್ಡೂ ಡ್ರೈವರಿಗೆ 3 ದಿನದ ತರಬೇತಿಯೂ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿವೆ. ಮಣ್ಣು ಮೆತ್ತಿ ಬೋರ್ಡು ಓದಲಾಗದ ಟ್ಯಾಂಕರ್ ಕಂಡರೆ ಗಾಡಿ ನಂಬರ್ ಸಮೇತ ಆರ್‌ಟಿಓಗೆ ಬರೆಯಿರಿ. ನಿಮ್ಮ ಸಿಟ್ಟು ಅಲ್ಲಿ ಕೆಲಸಕ್ಕೆ ಬರುತ್ತದೆ.

ಉರುಳಿದ್ದು ಕಂಡರೆ? ಅಮೋನಿಯಾ ಹಗುರ ಅನಿಲವೇ, ಆದರೆ ದ್ರವವಾಗಿ ಸೋರಿದಾಗ ತಣ್ಣಗಿನ ಬಿಳಿ ಮಂಜಾಗಿ ಮೊದಲು ನೆಲ ಹಿಡಿದೇ ಬರುತ್ತದೆ. ಒದ್ದೆ ಬಟ್ಟೆ ಮೂಗಿಗಿಟ್ಟುಕೊಂಡು ಗಾಳಿ ಎತ್ತಲಿಂದ ಬೀಸುತ್ತಿದೆಯೋ ಆ ಕಡೆಗೆ ಸರಿಯಿರಿ, ಮಂಜಿನ ನಡುವೆ ದಾಟಬೇಡಿ. ಅಡುಗೆ ಗ್ಯಾಸ್ ಭಾರ, ತಗ್ಗಿನಲ್ಲಿ, ಗಟಾರದಲ್ಲಿ ನಿಲ್ಲುತ್ತದೆ. ವಾಸನೆ ಬಂದರೆ ಸ್ಕೂಟರ್ ಸ್ಟಾರ್ಟ್ ಮಾಡಬೇಡಿ, ಅಲ್ಲೇ ಬಿಟ್ಟು ನಡೆಯಿರಿ. ದೂರ ಹೋದ ಮೇಲೆ 112ಕ್ಕೆ ಫೋನ್ ಮಾಡಿ. ಆ ನಾಲ್ಕಂಕಿ ಕಣ್ಣಿಗೆ ಬಿದ್ದಿದ್ದರೆ ಅದನ್ನೂ ಹೇಳಿ, ನೋಡಲೆಂದು ಹತ್ತಿರ ಹೋಗಬೇಡಿ.